ಹಳೆಯ ಲ್ಯಾಪ್‌ಟಾಪಿನಲ್ಲಿ ಗೇಮ್ ಕಟ್ಟುವವರಿಗೆ ಗೊಡೊ

ವಿಡಿಯೊ ಗೇಮ್ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಳ್ಳಬೇಕೆನ್ನುವ ಹೈಸ್ಕೂಲು ಮಕ್ಕಳು ಈಗ ತೀರ್ಥಹಳ್ಳಿ, ಸಾಗರದ ಕಡೆಯ ಮನೆಗಳಲ್ಲೂ ಇದ್ದಾರೆ. ಅವರ ಪಾಲಿಗೆ ಸಿಗುವುದು ಸಾಮಾನ್ಯವಾಗಿ ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪು ಮತ್ತು ಮಳೆಗಾಲದಲ್ಲಿ ಬಂದು ಹೋಗುವ ನೆಟ್‌ವರ್ಕು. ಈ ಸ್ಥಿತಿಯಲ್ಲಿ ಗೊಡೊ (Godot) ಎಂಬ ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟಲು ಬೇಕಾದ ಸಲಕರಣೆಗಳೆಲ್ಲ ಒಂದೇ ಕಡೆ ಇರುವ ತಂತ್ರಾಂಶ, ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಸೋದರಳಿಯನ ಜೊತೆ ಕುಳಿತು ನೋಡಿದ್ದೇನೆ.

ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರುಗಳು ಆರಂಭಿಸಿದ ಈ ತಂತ್ರಾಂಶ 2014ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಡುವ ಎಂಐಟಿ ಪರವಾನಗಿ ಇರುವುದರಿಂದ ಕಟ್ಟಿದ ಗೇಮನ್ನು ಮಾರಿದರೂ ರಾಯಧನ ಕೊಡಬೇಕಿಲ್ಲ. ಡೌನ್‌ಲೋಡ್ ಜಿಬಿಗಟ್ಟಲೆ ಇಲ್ಲ. ಜಿಪ್ ಬಿಚ್ಚಿದರೆ ಸಾಕು, ಇನ್‌ಸ್ಟಾಲ್ ಮಾಡುವ ಗೊಡವೆಯೇ ಇಲ್ಲ. ಮಾರ್ಗದರ್ಶಿಯನ್ನೂ ಇಳಿಸಿಟ್ಟುಕೊಂಡು ನೆಟ್ ಇಲ್ಲದಾಗ ಓದಬಹುದು. ಹಳೆಯ ಯಂತ್ರವಾದರೆ ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ‘ಕಂಪ್ಯಾಟಿಬಿಲಿಟಿ’ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಆರಿಸಿಕೊಳ್ಳಬೇಕು, ಏಕೆಂದರೆ ‘ಫಾರ್ವರ್ಡ್ ಪ್ಲಸ್’ ಎಂಬ ಇನ್ನೊಂದು ರೆಂಡರರ್ ಬೇಡುವ ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ಸೌಲಭ್ಯ ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇರುವುದಿಲ್ಲ.

ಆದರೆ ಎಂಜಿನ್ ಕಲಿತವನೆಲ್ಲ ವಿನ್ಯಾಸಕನಾಗುವುದಿಲ್ಲ. ಹುಡುಗನಿಗೆ ಮೊದಲ ದಿನವೇ ಕಾರ್ ರೇಸ್ ಕಟ್ಟುವ ಆಸೆಯಿತ್ತು. ನಾನು ಚನ್ನೆಮಣೆ ಸಾಕೆಂದೆ. ಹದಿನಾಲ್ಕು ಗುಳಿಗಳೆಂದರೆ ಗೊಡೊದ ಸ್ವಂತ ಕೋಡ್ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲಿ ಹದಿನಾಲ್ಕು ಸಂಖ್ಯೆಗಳ ಒಂದು ಅರೇ, ಅಂದರೆ ಪಟ್ಟಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನವುಗಳಿಗೆ ಒಂದೊಂದಾಗಿ ಹಾಕುವುದು ಒಂದು ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಆದೇಶ. ಕೊನೆಯ ಗುಳಿಯಿಂದ ಮೊದಲನೆಯದಕ್ಕೆ ತಿರುಗಲು ಹದಿನಾಲ್ಕರಿಂದ ಭಾಗಿಸಿದ ಶೇಷ. ಪೈಥಾನ್‌ನಂತೆ ಓದಿಸಿಕೊಳ್ಳುವ ಈ ಭಾಷೆಯಲ್ಲಿ ಅಷ್ಟನ್ನು ಅವನು ಹೆಚ್ಚು ತ್ರಾಸವಿಲ್ಲದೆ ಬರೆದ. ಕಷ್ಟ ಶುರುವಾದದ್ದು ಅಜ್ಜಿಯನ್ನು ಆಡಲು ಕೂರಿಸಿದಾಗ: ಕಾಯಿಗಳೆಲ್ಲ ಒಮ್ಮೆಲೇ ಗುಳಿ ಬದಲಿಸುತ್ತಿದ್ದುದರಿಂದ ಯಾರು ಏನು ಆಡಿದರೆಂಬುದೇ ಅವರಿಗೆ ತಿಳಿಯಲಿಲ್ಲ. ಪ್ರತಿ ಕಾಯಿ ಬೀಳುವುದರ ನಡುವೆ ಟೈಮರ್ ಇಟ್ಟು ಕಾಲು ಸೆಕೆಂಡ್ ತಡೆದ ಮೇಲೆಯೇ ಅದು ಆಟವೆನಿಸಿತು. ವಿನ್ಯಾಸಕನ ಕೆಲಸವೆಂದರೆ ಹೆಚ್ಚಿನಂಶ ಇಂಥದೇ, ಮತ್ತು ಇದನ್ನು ಯಾವ ಎಂಜಿನ್ನೂ ಕಲಿಸುವುದಿಲ್ಲ.

ಕನ್ನಡದ ಮಟ್ಟಿಗೆ ದೊಡ್ಡ ಅನುಕೂಲ ಬಂದದ್ದು 2023ರ 4.0 ಆವೃತ್ತಿಯಿಂದ. ಅದಕ್ಕೆ ಹಿಂದೆ ‘ಶಿವಮೊಗ್ಗ’ ಎಂದು ಬರೆದರೆ ಒತ್ತಕ್ಷರ ಕೆಳಗೆ ಇಳಿಯದೆ ಅಕ್ಷರಗಳು ಬಿಡಿಬಿಡಿಯಾಗುತ್ತಿದ್ದವು. ಈಗ ಸರಿಯಾಗಿ ಕೂರುತ್ತವೆ. ಬ್ರೌಸರ್‌ನಲ್ಲಿ ಆಡಿಸುವ ಗೇಮಿಗೆ ಮಾತ್ರ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟಿನೊಳಗೇ ಸೇರಿಸಬೇಕು, ಇಲ್ಲವಾದರೆ ಖಾಲಿ ಚೌಕಗಳು ಕಾಣುತ್ತವೆ.

ಕೊರತೆಗಳೂ ಇವೆ. ಮಾರ್ಗದರ್ಶಿಯ ಇಂಗ್ಲಿಷ್ ಕನ್ನಡ ಮಾಧ್ಯಮದ ಮಕ್ಕಳಿಗೆ ಭಾರವಾಗುತ್ತದೆ. ಪಕ್ಕದಲ್ಲಿ ಓದಿ ಹೇಳುವವರೊಬ್ಬರು ಬೇಕು. ಕೋಡನ್ನೇ ಕಾಣದ ಆರನೆಯ, ಏಳನೆಯ ತರಗತಿಯವರಿಗೆ ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ಹೆಚ್ಚು ಹೊಂದುತ್ತದೆ. ದೊಡ್ಡ ಸ್ಟುಡಿಯೊಗಳು ಕೆಲಸಕ್ಕೆ ಕರೆಯುವಾಗ ಯೂನಿಟಿ ಅಥವಾ ಅನ್‌ರಿಯಲ್ ಎಂಬ ಬೇರೆ ಎಂಜಿನ್‌ಗಳನ್ನು ಬಲ್ಲವರನ್ನು ಕೇಳುವುದೇ ಹೆಚ್ಚು, ಆದ್ದರಿಂದ ಪಿಯುಸಿ ಮುಗಿಯುವ ಹೊತ್ತಿಗೆ ಅವುಗಳಲ್ಲೊಂದರ ಪರಿಚಯವೂ ಆಗಬೇಕು. ಮುಂದೆ ವಿನ್ಯಾಸದ ಪದವಿಯಾದ ಬಿ.ಡಿಸೈನ್ ಓದಬೇಕೆನ್ನುವವರಿಗೆ ಐಐಟಿಗಳಿಗೆ ಯುಸೀಡ್ (UCEED) ಎಂಬ ಪ್ರವೇಶ ಪರೀಕ್ಷೆಯಿದೆ. ಅದರಲ್ಲಿ ಚಿತ್ರ ಬಿಡಿಸುವ ಭಾಗವೂ ಇರುವುದರಿಂದ ಪೆನ್ಸಿಲು ಬಿಡಬಾರದು.

ಆಂಡ್ರಾಯ್ಡ್‌ಗೆ ಗೇಮ್ ಸಿದ್ಧಪಡಿಸಲು ಜಾವಾ ಮತ್ತು ಆಂಡ್ರಾಯ್ಡ್ ಎಸ್‌ಡಿಕೆ ಎಂಬ ಸಲಕರಣೆಗಳ ಕಟ್ಟನ್ನು ಬೇರೆಯಾಗಿ ಇಳಿಸಬೇಕಾಗುತ್ತದೆ, ಅದು ನಮ್ಮ ಡೇಟಾ ಪ್ಯಾಕ್ ತಿಂದುಹಾಕುತ್ತದೆ. ಆರಂಭಕ್ಕೆ ವೆಬ್ ಆವೃತ್ತಿ ಮಾಡಿ ಗೇಮ್ ಹಂಚುವ ಇಚ್.ಐಒ (itch.io) ತಾಣದಲ್ಲಿ ಉಚಿತವಾಗಿ ಹಾಕಿ, ಕೊಂಡಿಯನ್ನು ಸ್ನೇಹಿತರಿಗೆ ಕಳಿಸುವುದು ಸುಲಭ.