ಎನ್‌ಸಿಎಎ ಬಾಸ್ಕೆಟ್‌ಬಾಲ್‌ನ ರೀಪ್ಲೇ ಮಾನಿಟರ್: ಗೆರೆಗೆ ಭೇಷ್, ಬೆರಳಿಗೆ ತಕರಾರು

2019ರ ಏಪ್ರಿಲ್ 8, ಮಿನಿಯಾಪೊಲಿಸ್. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಪುರುಷರ ಬಾಸ್ಕೆಟ್‌ಬಾಲ್ ಫೈನಲ್ ಓವರ್‌ಟೈಮ್‌ಗೆ ಹೋಗಿದೆ. ಉಳಿದಿರುವುದು 1 ನಿಮಿಷ 6 ಸೆಕೆಂಡು. ವರ್ಜೀನಿಯಾ 75, ಟೆಕ್ಸಾಸ್ ಟೆಕ್ 73. ಟೆಕ್‌ನ ಡೇವಿಡೆ ಮೊರೆಟ್ಟಿ ಚೆಂಡಿನ ಹಿಂದೆ ಓಡುತ್ತಿದ್ದಾಗ ವರ್ಜೀನಿಯಾದ ಡಿಆಂಡ್ರೆ ಹಂಟರ್ ಕೈಹಾಕಿ ತಟ್ಟಿದರು, ಚೆಂಡು ಹೊರಗೆ ಹೋಯಿತು. ರೆಫ್ರಿ ಟೆಕ್ಸಾಸ್ ಟೆಕ್‌ಗೆ ಕೊಟ್ಟರು. ಆಮೇಲೆ ಮಾನಿಟರ್ ನೋಡಿ ಬಂದು ವರ್ಜೀನಿಯಾಕ್ಕೆ ತಿರುಗಿಸಿದರು. ನಿಧಾನಗತಿಯಲ್ಲಿ ಕಂಡದ್ದು ಇಷ್ಟು: ಕೊನೆಗೆ ಚೆಂಡು ಸವರಿದ್ದು ಮೊರೆಟ್ಟಿಯವರ ಕಿರುಬೆರಳನ್ನು. ಪಂದ್ಯ 85-77ಕ್ಕೆ ಮುಗಿಯಿತು.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸ್ಕೋರರ್ ಮೇಜಿನ ಹತ್ತಿರ ಇಟ್ಟಿರುವ ಆ ಪರದೆಯ ಗುಣ, ದೋಷ ಎರಡೂ ಈ ಒಂದೇ ಪ್ರಸಂಗದಲ್ಲಿ ಸಿಗುತ್ತವೆ. ನಿಯಮದ ಅಕ್ಷರ ಹಿಡಿದು ಹೋದರೆ ತೀರ್ಪು ಸರಿ, ಬದಲಾಯಿಸಲೇಬೇಕಿತ್ತು. ಆದರೆ ಆ ಬೆರಳನ್ನು ಬರಿಗಣ್ಣಿಗೆ ಹಿಡಿಯುವ ರೆಫ್ರಿ ಭೂಮಿಯ ಮೇಲಿಲ್ಲ. ಐದಕ್ಕೆ ಮೂರೂವರೆ ಕೊಡಬಹುದಾದ ಸೇವೆ ಇದು. ಒಂದೂವರೆ ಎಲ್ಲಿ ಸೋರಿತು ಎಂದು ಮುಂದೆ ನೋಡೋಣ.

ಮೊದಲು ಅದಕ್ಕೆ ಒಗ್ಗುವ ಕೆಲಸ, ಅಂದರೆ ಗೆರೆ. ಕೋರ್ಟ್ 94 ಅಡಿ ಉದ್ದ, 50 ಅಡಿ ಅಗಲ, ಗಡಿಗೆರೆ 2 ಇಂಚು ದಪ್ಪ. ಟೆನಿಸ್ ನೋಡಿ ಅಭ್ಯಾಸವಾದವರು ಎಡವುವುದು ಇಲ್ಲೇ. ಅಲ್ಲಿ ಗೆರೆ ತಾಗಿದರೆ ಚೆಂಡು ಒಳಗೆ, ಇಲ್ಲಿ ಗೆರೆ ತಾಗಿದರೆ ಹೊರಗೆ. ಗಾಳಿಯ ವಿಷಯದಲ್ಲೂ ಗೊಂದಲ ಇದೆ. ಚೆಂಡು ಗೆರೆ ದಾಟಿ ಒಂದು ಮಾರು ಆಚೆ ಹಾರಿದ್ದರೂ ಔಟ್ ಅಲ್ಲ. ಹೊರಗಿನ ನೆಲವನ್ನೋ ವಸ್ತುವನ್ನೋ ಹೊರಗೆ ಕಾಲಿಟ್ಟವರನ್ನೋ ಮುಟ್ಟಬೇಕು. ಒಳಗಿನಿಂದ ಜಿಗಿದ ಆಟಗಾರನೂ ಕೆಳಗಿಳಿಯುವ ತನಕ ಒಳಗಿನವನೇ.

ಹಾಗಾಗಿ ಪರದೆಯಲ್ಲಿ ಹುಡುಕಬೇಕಾದದ್ದು ಹಿಮ್ಮಡಿ. ಪುರುಷರ ಆಟದಲ್ಲಿ ಮೂಲೆಯ ಮೂರಂಕದ ಗೆರೆಗೂ (ಅದರಾಚೆಯಿಂದ ಹಾಕಿದರೆ ಮೂರು ಅಂಕ) ಸೈಡ್‌ಲೈನ್‌ಗೂ ನಡುವೆ ಸಿಗುವ ಜಾಗ ಸುಮಾರು 40 ಇಂಚು. ಹದಿನಾಲ್ಕು, ಹದಿನೈದನೇ ಸೈಜಿನ ಶೂ ಹಾಕಿದವನು ಪಾಸ್ ಹಿಡಿಯುತ್ತಾ ಹಿಂದಕ್ಕೆ ಅರ್ಧ ಹೆಜ್ಜೆ ಸರಿದರೆ ಮುಗಿಯಿತು. ಮಧ್ಯದಲ್ಲಿ ಎತ್ತರಕ್ಕಿರುವ ಮುಖ್ಯ ಕ್ಯಾಮೆರಾದಿಂದ ಇದು ತಿಳಿಯುವುದಿಲ್ಲ. ಶೂವಿನ ಬಿಳಿ ಅಡಿ, ಬಿಳಿ ಗೆರೆ ಒಂದರ ಮೇಲೊಂದು ಕೂತುಬಿಡುತ್ತವೆ. ಗೆರೆಯ ನೇರಕ್ಕೆ ಇಟ್ಟ ಕ್ಯಾಮೆರಾ ಅಥವಾ ರಿಂಗ್ ಮೇಲಿಂದ ಕೆಳಕ್ಕೆ ನೋಡುವ ಕ್ಯಾಮೆರಾ ಬೇಕು. ಅದು ಇದ್ದ ಪಂದ್ಯದಲ್ಲಿ ಮಾನಿಟರ್ ಹತ್ತಕ್ಕೆ ಹತ್ತು. ಇಲ್ಲದ ಸಣ್ಣ ಕಾಲೇಜಿನ ಪಂದ್ಯದಲ್ಲಿ ರೆಫ್ರಿಯ ಕಣ್ಣೇ ಮೇಲು.

ಒಂದು ಷರತ್ತು ಮರೆಯಬಾರದು: ಶಿಳ್ಳೆ ಯಾವುದಕ್ಕೆ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. 2017ರ ಫೈನಲ್‌ನಲ್ಲಿ ಇನ್ನು ಐವತ್ತು ಸೆಕೆಂಡಿನಷ್ಟು ಬಾಕಿ ಇದ್ದಾಗ, ನಾರ್ತ್ ಕ್ಯಾರೊಲಿನಾ 66-65 ಮುಂದಿದ್ದಾಗ, ಬೇಸ್‌ಲೈನ್ (ರಿಂಗ್ ಹಿಂದಿನ ಗಡಿಗೆರೆ) ಹತ್ತಿರ ಚೆಂಡಿಗಾಗಿ ಗುದ್ದಾಟವಾಯಿತು. ನಾರ್ತ್ ಕ್ಯಾರೊಲಿನಾದ ಕೆನಡಿ ಮೀಕ್ಸ್ ಅವರ ಒಂದು ಕೈ ಹೊರಗಿನ ನೆಲದ ಮೇಲಿತ್ತು, ಟಿವಿಯಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ರೆಫ್ರಿ ಕೊಟ್ಟದ್ದು ಹೆಲ್ಡ್ ಬಾಲ್, ಅಂದರೆ ಎರಡೂ ಕಡೆಯವರ ಕೈಯಲ್ಲಿ ಚೆಂಡು ಸಿಕ್ಕಿಕೊಂಡಿದೆ ಎಂದು. ಆಗ ಚೆಂಡಿನ ಸರದಿ ಯಾರದೆಂದು ತೋರಿಸುವ ಮೇಜಿನ ಮೇಲಿನ ಬಾಣ ನಾರ್ತ್ ಕ್ಯಾರೊಲಿನಾ ಕಡೆಗಿತ್ತು, ಚೆಂಡು ಅವರಿಗೇ ಉಳಿಯಿತು. ಗೊನ್ಜಾಗಾ 71-65ಕ್ಕೆ ಸೋತಿತು. ಪರದೆ ಪಕ್ಕದಲ್ಲೇ ಇದ್ದೂ ಇಲ್ಲದಂತೆ.

ಈಗ ಬೆರಳಿನ ಕಥೆ. ಚೆಂಡನ್ನು ಕೊನೆಗೆ ಮುಟ್ಟಿದವನೇ ಅದನ್ನು ಹೊರಗೆ ಕಳಿಸಿದವನು ಎನ್ನುವುದು ನಿಯಮ. ಕೇಳಲು ಸರಳ. ಡ್ರಿಬಲ್ ಮಾಡುವವನ (ಚೆಂಡು ಪುಟಿಸುತ್ತಾ ಸಾಗುವವನ) ಕೈಯಿಂದ ಡಿಫೆಂಡರ್ ಚೆಂಡನ್ನು ಹೊರಕ್ಕೆ ತಟ್ಟುವ ಕ್ಷಣವನ್ನು ಹತ್ತಿರದಿಂದ ನೋಡಿ. ಚೆಂಡಿನ ಒಂದು ಬದಿಯಲ್ಲಿ ಡಿಫೆಂಡರನ ಅಂಗೈ, ಇನ್ನೊಂದು ಬದಿಯಲ್ಲಿ ಡ್ರಿಬಲ್ ಮಾಡುವವನ ಬೆರಳ ತುದಿ. ತಟ್ಟಿದ ಕೈ ಮೊದಲು ಬಿಡುತ್ತದೆ. ಚೆಂಡು ಹಿಡಿದಿದ್ದವನ ಬೆರಳ ಮೇಲೆ ಉರುಳಿಕೊಂಡು ಹೋಗುತ್ತದೆ. ನಿಧಾನಗತಿಯಲ್ಲಿ ನೋಡಿದರೆ ಇಂಥ ಆಟಗಳಲ್ಲಿ ಬಹುಪಾಲು ಹೀಗೇ ಕಾಣುತ್ತವೆ. ಕಣ್ಣಿಗೆ ‘ಡಿಫೆಂಡರ್ ಹೊಡೆದು ಹಾಕಿದ’ ಎಂದು ಕಂಡದ್ದು ಪರದೆಯಲ್ಲಿ ‘ಕೊನೆಗೆ ಇವನದೇ ಬೆರಳು’ ಆಗುತ್ತದೆ.

ಆ ಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ. ಸೆಕೆಂಡಿಗೆ 60 ಫ್ರೇಮ್ ಇರುವ ವಿಡಿಯೊದಲ್ಲಿ, ಸೆಕೆಂಡಿಗೆ 20 ಅಡಿ ವೇಗದ ಚೆಂಡು ಒಂದು ಫ್ರೇಮಿನಿಂದ ಇನ್ನೊಂದಕ್ಕೆ 4 ಇಂಚು ಜರುಗಿರುತ್ತದೆ. ಬೆರಳು ತಾಗಿದ ಆ ಗಳಿಗೆ ಎರಡು ಫ್ರೇಮುಗಳ ನಡುವೆಯೇ ಬಿದ್ದುಹೋಗಬಹುದು. ಅನುಭವಿ ರೆಫ್ರಿಗಳು ಅದಕ್ಕೇ ಬೆರಳನ್ನು ನೋಡುವುದಿಲ್ಲ, ಚೆಂಡಿನ ಮೇಲಿನ ಕಪ್ಪು ಗೆರೆಗಳನ್ನು ನೋಡುತ್ತಾರೆ. ತಿರುಗುವ ದಿಕ್ಕೋ ವೇಗವೋ ತಟ್ಟನೆ ಬದಲಾಯಿತೇ? ಆಗಿದ್ದರೆ ಅಲ್ಲಿ ಏನೋ ತಾಗಿದೆ. ಬೆರಳು ಅಲುಗಿದ್ದು ಮಾತ್ರ ಸಾಕ್ಷಿಯಲ್ಲ, ಗಾಳಿಯಲ್ಲಿ ಬೀಸಿದ ಬೆರಳೂ ಅಲುಗುತ್ತದೆ.

ಖಚಿತ ಸಾಕ್ಷಿ ಸಿಗದಿದ್ದರೆ ಕೋರ್ಟ್ ಮೇಲೆ ಕೊಟ್ಟ ತೀರ್ಪೇ ಉಳಿಯುತ್ತದೆ. ಕ್ರಿಕೆಟ್‌ನ ‘ಅಂಪೈರ್ಸ್ ಕಾಲ್’ ನೆನಪಾಗುವುದು ಸಹಜ, ಆದರೆ ಅಲ್ಲಿ ಚೆಂಡು ವಿಕೆಟ್ಟಿಗೆ ಎಷ್ಟು ತಾಗುತ್ತಿತ್ತು ಎಂಬುದಕ್ಕೆ ಒಂದು ಅಳತೆ ಇದೆ. ಇಲ್ಲಿ ಅಳತೆಗೋಲು ಮೂವರು ರೆಫ್ರಿಗಳ ಮನಸ್ಸಾಕ್ಷಿ.

ಬೆರಳಿನ ಲೆಕ್ಕ ಇನ್ನೊಂದು ಹಳೆಯ ಹೊಂದಾಣಿಕೆಯನ್ನೂ ಕೆಡಿಸಿತು. ಡಿಫೆಂಡರ್ ಮೊಣಕೈಗೆ ಸಣ್ಣಗೆ ಹೊಡೆದ, ಚೆಂಡು ಜಾರಿ ಹೊರಗೆ ಹೋಯಿತು ಎಂದಿಟ್ಟುಕೊಳ್ಳಿ. ಫೌಲ್ ಕೊಡುವಷ್ಟಿಲ್ಲ ಅನಿಸಿದರೆ ಚೆಂಡನ್ನು ದಾಳಿ ಮಾಡುತ್ತಿದ್ದ ತಂಡಕ್ಕೇ ಬಿಡುವುದು ತಲೆತಲಾಂತರದ ರೂಢಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾನಿಟರ್ ಬಂದ ಮೇಲೆ ಹೊಡೆತ ತಿಂದವನ ಬೆರಳೇ ಕೊನೆಯದು ಎಂದು ಚೆಂಡೂ ಹೋಯಿತು, ಫೌಲೂ ಸಿಗಲಿಲ್ಲ. ಇದಕ್ಕೆ 2024-25ರಲ್ಲಿ ಪುರುಷರ ಆಟದಲ್ಲಿ ತೇಪೆ ಹಾಕಿದರು: ಕೊನೆಯ ಎರಡು ನಿಮಿಷಗಳಲ್ಲಿ ಔಟ್ ತೀರ್ಪು ಪರದೆ ನೋಡಿ ತಿರುಗಿದರೆ, ಅದರ ಪಕ್ಕದಲ್ಲೇ ಆದ ಫೌಲನ್ನೂ ಕೊಡಬಹುದು. ತಡವಾಗಿ ಬಂದರೂ ಬುದ್ಧಿವಂತಿಕೆಯ ತೇಪೆ.

2025-26ರಿಂದ ಪುರುಷರಲ್ಲಿ ಕೋಚ್ ಚಾಲೆಂಜ್ ಬಂತು, ನಮಗೆ ಮೆಚ್ಚುಗೆಯಾದ ಬದಲಾವಣೆ. ಔಟ್ ತೀರ್ಪನ್ನು ರೆಫ್ರಿಗಳು ತಾವಾಗಿ ಪರದೆಗೆ ಒಯ್ಯುವಂತಿಲ್ಲ. ಕೋಚ್ ಕೇಳಬೇಕು, ಕೇಳಲು ಕೈಯಲ್ಲಿ ಟೈಮ್‌ಔಟ್ (ತಂಡ ಕೇಳಿ ಪಡೆಯುವ ವಿರಾಮ) ಇರಬೇಕು. ಗೆದ್ದರೆ ಇನ್ನೊಂದು ಚಾಲೆಂಜ್, ಸೋತರೆ ಆ ಪಂದ್ಯಕ್ಕೆ ಅಲ್ಲಿಗೆ ಮುಗಿಯಿತು. ಗೋಲ್‌ಟೆಂಡಿಂಗ್ (ರಿಂಗ್‌ಗೆ ಇಳಿಯುತ್ತಿರುವ ಚೆಂಡನ್ನು ತಡೆಯುವುದು), ರಿಂಗ್ ಕೆಳಗಿನ ಅರ್ಧವೃತ್ತದ ತೀರ್ಪುಗಳನ್ನೂ ಹೀಗೆ ಪ್ರಶ್ನಿಸಬಹುದು. ಮಹಿಳೆಯರ ಆಟದಲ್ಲಿ ಇದು ಒಂದು ವರ್ಷ ಮೊದಲೇ ಬಂದಿತ್ತು, ಇನ್ನಷ್ಟು ಉದಾರವಾಗಿ: ಎಷ್ಟು ಸಲ ಬೇಕಾದರೂ ಕೇಳಿ, ತಪ್ಪಾದರೆ ಒಂದು ಟೈಮ್‌ಔಟ್ ಕಳೆದುಕೊಳ್ಳಿ. ಟೈಮ್‌ಔಟೇ ಉಳಿದಿಲ್ಲದಿದ್ದರೆ ಶಿಕ್ಷೆಯಾಗಿ ಟೆಕ್ನಿಕಲ್ ಫೌಲ್. ಕೊನೆಯ ಎರಡು ನಿಮಿಷ ಇಪ್ಪತ್ತು ನಿಮಿಷವಾಗುವ ಬೇಸರಕ್ಕೆ ಬೆಲೆ ಕಟ್ಟಿದ ಮೇಲೆ, ಬೆರಳ ತುದಿಗಾಗಿ ಪರದೆಗೆ ಹೋಗುವ ಚಾಳಿ ತಾನಾಗಿ ಇಳಿಯುತ್ತದೆ.

ಸಾಮಾನ್ಯ ಫೌಲ್ ವಿಷಯಕ್ಕೆ ಬಂದರೆ ಮಾನಿಟರ್ ಬಹುಮಟ್ಟಿಗೆ ಮೂಕ. 2023ರ ಮಾರ್ಚ್ 26ರಂದು ಕ್ರೈಟನ್ ಮತ್ತು ಸ್ಯಾನ್ ಡಿಯಾಗೊ ಸ್ಟೇಟ್ 56-56ರಲ್ಲಿದ್ದಾಗ, 1.2 ಸೆಕೆಂಡು ಉಳಿದಿರುವಾಗ ಕ್ರೈಟನ್‌ನ ರಯಾನ್ ನೆಂಬಾರ್ಡ್ ಫೌಲ್ ಮಾಡಿದರೆಂದು ಶಿಳ್ಳೆ ಬಿತ್ತು. ಸ್ಯಾನ್ ಡಿಯಾಗೊ ಸ್ಟೇಟ್‌ನ ಡೇರಿಯನ್ ಟ್ರ್ಯಾಮೆಲ್ ಎರಡರಲ್ಲಿ ಒಂದು ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ) ಹಾಕಿ 57-56ಕ್ಕೆ ಗೆಲ್ಲಿಸಿದರು. 2024ರ ಏಪ್ರಿಲ್ 5ರಂದು ಮಹಿಳೆಯರ ಸೆಮಿಫೈನಲ್‌ನಲ್ಲಿ, 3.9 ಸೆಕೆಂಡು ಇದ್ದಾಗ ಯುಕಾನ್‌ನ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಆಲಿಯಾ ಎಡ್ವರ್ಡ್ಸ್ ಅವರ ಸ್ಕ್ರೀನ್ (ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ಲುವುದು) ಅಕ್ರಮ ಎಂದು ಶಿಳ್ಳೆ ಬಿತ್ತು. ಅಯೋವಾ 71-69ಕ್ಕೆ ಗೆದ್ದಿತು. ಎರಡರಲ್ಲೂ ಪರದೆಗೆ ಕೆಲಸವಿರಲಿಲ್ಲ. ಹೀಗಿರುವುದೇ ಸರಿ. ಸ್ಪರ್ಶವಾಯಿತೇ ಎನ್ನುವುದು ಫೌಲ್‌ನ ಪ್ರಶ್ನೆಯೇ ಅಲ್ಲ, ಅದರಿಂದ ಎದುರಾಳಿಯ ಚಲನೆ, ಸಮತೋಲ, ಓಟದ ಲಯ ಕೆಟ್ಟಿತೇ ಎನ್ನುವುದು ಪ್ರಶ್ನೆ. ನಿಧಾನಗತಿಯಲ್ಲಿ ಎಲ್ಲ ಸ್ಪರ್ಶವೂ ಹೊಡೆತದಂತೆ ಕಾಣುತ್ತದೆ.

ಅದನ್ನು ತೀರ್ಮಾನಿಸುವುದು ರೆಫ್ರಿ ನಿಂತ ಜಾಗ. ಮೂವರಲ್ಲಿ ಲೀಡ್ ಬೇಸ್‌ಲೈನ್ ಆಚೆ, ಟ್ರೇಲ್ ಹಿಂದೆ ಒಂದು ಸೈಡ್‌ಲೈನ್ ಬಳಿ, ಸೆಂಟರ್ ಎದುರು ಬದಿಯಲ್ಲಿ ಫ್ರೀ ಥ್ರೋ ಗೆರೆಯ ನೇರಕ್ಕೆ. ಇಬ್ಬರು ಆಟಗಾರರ ನಡುವಿನ ಬೆಳಕು ಕಾಣುವ ಕೋನ ಬೇಕು. ಒಬ್ಬನ ಬೆನ್ನು ಇನ್ನೊಬ್ಬನನ್ನು ಮುಚ್ಚಿದರೆ ಶಿಳ್ಳೆ ಊಹೆಯಾಗುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ತೀರ್ಪಾಗುತ್ತದೆ. ಕಣ್ಣು ಚೆಂಡಿನ ಮೇಲಲ್ಲ, ಡಿಫೆಂಡರನ ಮೇಲೆ. ಎರಡೂ ಪಾದ ನೆಲದ ಮೇಲಿಟ್ಟು ಎದೆ ಎದುರಾಳಿಗೆ ತಿರುಗಿಸಿ ಅವನು ಮೊದಲು ಸ್ಥಾನ ಹಿಡಿದನೇ? 2023-24ರಿಂದ ಪುರುಷರಲ್ಲಿ, ದಾಳಿಗಾರ ಶಾಟ್‌ಗಾಗಿ ನೆಗೆಯಲು ಪಾದ ಊರುವ ಹೊತ್ತಿಗೆ ಡಿಫೆಂಡರ್ ಸ್ಥಾನದಲ್ಲಿರಬೇಕು, ಆಮೇಲೆ ಬಂದರೆ ಬ್ಲಾಕ್, ಅಂದರೆ ಡಿಫೆಂಡರನ ಫೌಲ್. ಸಹಾಯಕ್ಕೆ ಓಡಿಬಂದ ಎರಡನೇ ಡಿಫೆಂಡರ್ ಆದರೆ ರಿಂಗ್ ಕೆಳಗಿನ 4 ಅಡಿಯ ಅರ್ಧವೃತ್ತದ ಹೊರಗೂ ಇರಬೇಕು. ಆ ಅರ್ಧವೃತ್ತ ಗೆರೆಯ ಪ್ರಶ್ನೆ, ಆದ್ದರಿಂದ ಪರದೆಗೆ ಹೇಳಿ ಮಾಡಿಸಿದ್ದು.

ಕೈಸನ್ನೆಯ ಶಿಸ್ತೂ ಮುಖ್ಯ. ಫೌಲ್‌ಗೆ ಮುಷ್ಟಿ ಮೇಲೆ, ಔಟ್‌ಗೆ ಅಂಗೈ ತೆರೆದು ಮೇಲೆ. ಇಬ್ಬರು ಒಟ್ಟಿಗೆ ಊದಿದರೆ ಮುಷ್ಟಿ ಎತ್ತಿ ಅಲ್ಲೇ ತಡೆಯಬೇಕು, ಕಣ್ಣಲ್ಲಿ ಮಾತಾಡಿಕೊಳ್ಳಬೇಕು. ಆತುರಕ್ಕೆ ಒಬ್ಬರು ಬ್ಲಾಕ್, ಇನ್ನೊಬ್ಬರು ಚಾರ್ಜ್ (ದಾಳಿಗಾರನ ಫೌಲ್) ತೋರಿಸಿದರೆ ದೇವರೇ ಗತಿ. ಔಟ್‌ನಲ್ಲಿ ಅನುಮಾನವಿದ್ದರೆ ದಿಕ್ಕು ತೋರಿಸುವ ಮೊದಲೇ ಜೊತೆಗಾರನತ್ತ ನೋಡುವುದು ಲೇಸು. ಯಾರಿಗೂ ಗೊತ್ತಿಲ್ಲದಿದ್ದರೆ ಎರಡು ಹೆಬ್ಬೆರಳು ಮೇಲೆ, ಬಾಣ ಹೇಳಿದವರಿಗೆ ಚೆಂಡು. ಇದು ಸೋಲಲ್ಲ, ನಿಯಮದಲ್ಲೇ ಇರುವ ದಾರಿ.

ಈ ಸೇವೆಯ ಉಳಿದ ಸಲಕರಣೆಗಳಿಗೆ ದೂರಿಲ್ಲ. ಒಳಗೆ ಕಾಳು ಇಲ್ಲದ ಫಾಕ್ಸ್ 40 ಶಿಳ್ಳೆ ತೇವಕ್ಕೆ ಕಚ್ಚಿಕೊಳ್ಳುವುದಿಲ್ಲ. ಸೊಂಟದ ಪೆಟ್ಟಿಗೆ ಆ ಸದ್ದನ್ನು ಹಿಡಿದು ಗಡಿಯಾರವನ್ನು ತಾನೇ ನಿಲ್ಲಿಸುತ್ತದೆ, ಮೇಜಿನವರ ಬೆರಳು ಗುಂಡಿ ಒತ್ತುವ ತನಕ ಕಾಯಬೇಕಿಲ್ಲ.

ಕೊನೆಗೆ ಒಂದು ಕಂದಕ. ಮೊರೆಟ್ಟಿಯವರ ಬೆರಳಿಗೆ ಎರಡು ದಿನ ಮೊದಲು, ಸೆಮಿಫೈನಲ್‌ನಲ್ಲಿ ಇದೇ ವರ್ಜೀನಿಯಾ ಆಬರ್ನ್ ವಿರುದ್ಧ ಹಿಂದಿತ್ತು. 0.6 ಸೆಕೆಂಡು ಇದ್ದಾಗ ಕೈಲ್ ಗೈ ಮೂರಂಕದ ಶಾಟ್‌ಗೆ ಹಾರಿದರು. ಆಬರ್ನ್‌ನ ಸಮೀರ್ ಡೌಟಿ, ಗೈ ಅವರ ಕಾಲಿನ ಕಡೆಗೆ ನುಗ್ಗಿದರು, ಇಳಿಯಲು ಜಾಗ ಬಿಡಲಿಲ್ಲ. ಫೌಲ್ ಸರಿಯೇ. ಗೈ ಮೂರೂ ಫ್ರೀ ಥ್ರೋ ಹಾಕಿದರು, 63-62. ಆದರೆ ಅದಕ್ಕೆ ಕೆಲವೇ ಸೆಕೆಂಡು ಮೊದಲು ವರ್ಜೀನಿಯಾದ ಟೈ ಜೆರೋಮ್ ಅವರ ಚೆಂಡು ಅವರದೇ ಕಾಲಿಗೆ ಬಡಿಯಿತು, ಹಿಡಿದುಕೊಂಡು ಮತ್ತೆ ಡ್ರಿಬಲ್ ಮಾಡಿದರು, ಅದು ಡಬಲ್ ಡ್ರಿಬಲ್ ಎಂಬ ತಪ್ಪು. ಶಿಳ್ಳೆ ಬರಲಿಲ್ಲ. ಇಂದಿನ ಚಾಲೆಂಜ್ ಪಟ್ಟಿ ಹಿಡಿದುಕೊಂಡು ಆಬರ್ನ್ ಕೋಚ್ ಅದೇ ಮೇಜಿಗೆ ಹೋದರೂ, ಅದರಲ್ಲಿ ಡಬಲ್ ಡ್ರಿಬಲ್ ಎಂಬ ಸಾಲು ಸಿಗುವುದಿಲ್ಲ.