ಅಂಗೈ ಅಗಲದ ಧೂಳುಮಾಪಕ: ಮಂಗಳೂರಿನಲ್ಲಿ ಮನವಿ ಬರೆಯುವವರಿಗೆ ಎಷ್ಟು ಉಪಯೋಗ?

ಗಾಳಿಯಲ್ಲಿರುವ ಸೂಕ್ಷ್ಮ ಕಣಗಳನ್ನು ಅಳೆಯುವ, ಕೈಯಲ್ಲಿ ಹಿಡಿದು ಓಡಾಡಬಹುದಾದ ಮೀಟರುಗಳು ಈಗ ಆನ್‌ಲೈನ್ ಮಳಿಗೆಗಳಲ್ಲಿ ನಾಲ್ಕೈದು ಸಾವಿರ ರೂಪಾಯಿಗೆ ಸಿಗುತ್ತವೆ. ಮಾರುವವರು ಮಲಗುವ ಕೋಣೆಯ ಚಿತ್ರ ಹಾಕಿ, ಏರ್ ಪ್ಯೂರಿಫೈಯರ್ ಇರುವ ಮನೆಗೆ ಇದೂ ಇರಲಿ ಎಂಬಂತೆ ಮಾರುತ್ತಾರೆ. ನಾನು ಕೊಂಡ ಉದ್ದೇಶ ಬೇರೆ. ನಮ್ಮ ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ ಒಣ ಮಡಲು, ತರಗೆಲೆಗಳ ಜೊತೆ ಪ್ಲಾಸ್ಟಿಕ್ಕನ್ನೂ ಸೇರಿಸಿ ಬೆಂಕಿ ಹಾಕುವುದನ್ನು ನಿಲ್ಲಿಸಬೇಕೆಂದು ಪಾಲಿಕೆಗೆ ಮನವಿ ಕೊಡುತ್ತಿದ್ದ ನಮ್ಮ ಸಣ್ಣ ಗುಂಪಿಗೆ, ಬಾಯಿಮಾತಿನ ದೂರಿಗಿಂತ ಗಟ್ಟಿಯಾದ ಆಧಾರವೊಂದು ಬೇಕಾಗಿತ್ತು. ಆದ್ದರಿಂದ ಈ ವಿಮರ್ಶೆಯನ್ನು ನಗರದ ಆರೋಗ್ಯದ ಬಗ್ಗೆ ಕಚೇರಿಗಳ ಮೆಟ್ಟಿಲು ಹತ್ತಲು ಸಿದ್ಧರಿರುವ ನಾಗರಿಕರ ದೃಷ್ಟಿಯಿಂದ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವ ಅಗತ್ಯವಿಲ್ಲ, ಏಕೆಂದರೆ ಈ ಬೆಲೆಯ ಬಹುತೇಕ ಮೀಟರುಗಳ ಒಳಗಿರುವ ತಂತ್ರ ಒಂದೇ.

ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಲೇಸರ್ ಬೆಳಕು ಬೀಳುತ್ತದೆ, ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಅಳೆದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಪಿಎಂ 2.5, ಅಂದರೆ 2.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹಾಗೂ ಅದಕ್ಕಿಂತ ಸಣ್ಣ ಕಣ, ಇದೆ ಎಂದು ಮೀಟರು ಅಂದಾಜು ಮಾಡುತ್ತದೆ. ಅದು ಕಣವನ್ನು ತೂಗುವುದಿಲ್ಲ, ಬೆಳಕನ್ನು ನೋಡಿ ತೂಕವನ್ನು ಊಹಿಸುತ್ತದೆ. ಮಂಗಳೂರಿನಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಗಾಳಿಯ ತೇವ ಹೆಚ್ಚಿದಾಗ ಉಪ್ಪು, ಸಲ್ಫೇಟಿನಂಥ ಕಣಗಳು ನೀರು ಹೀರಿ ಉಬ್ಬುತ್ತವೆ, ಮಂಜಿನ ಹನಿಯೂ ಧೂಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಸರಕಾರಿ ಕೇಂದ್ರಗಳಲ್ಲಿರುವ ದೊಡ್ಡ ಯಂತ್ರಗಳು ಒಳಬರುವ ಗಾಳಿಯನ್ನು ತುಸು ಕಾಯಿಸಿ ತೇವ ಕಳೆದ ಮೇಲೆ ಅಳೆಯುತ್ತವೆ, ಅಂಗೈ ಮೀಟರಿಗೆ ಆ ಸೌಕರ್ಯವಿಲ್ಲ. ಆಟಿ ತಿಂಗಳ ಒಂದು ಬೆಳಗ್ಗೆ, ರಾತ್ರಿಯಿಡೀ ಮಳೆ ಸುರಿದು ಎಲ್ಲವನ್ನೂ ತೊಳೆದಿದ್ದರೂ, ನಮ್ಮ ಜಗಲಿಯಲ್ಲಿ ಮೀಟರು, ಗಾಳಿ ಅಷ್ಟೇನೂ ಚೆನ್ನಾಗಿಲ್ಲ ಎಂಬ ಹಳದಿ ಬಣ್ಣ ತೋರಿಸುತ್ತಿತ್ತು. ಅಂಥ ಅಂಕಿಯನ್ನು ಹಿಡಿದುಕೊಂಡು ಅಧಿಕಾರಿಗಳ ಮುಂದೆ ಹೋದರೆ, ಅವರಲ್ಲಿ ಸ್ವಲ್ಪ ತಿಳಿದವರೊಬ್ಬರಿದ್ದರೂ ಸಾಕು, ನಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇದನ್ನು ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದೇ ಲೇಸು.

ಇನ್ನೊಂದು ತೊಡಕು ಪರದೆಯ ಮೇಲೆಯೇ ಇದೆ. ನನ್ನ ಮೀಟರು ಡಬ್ಬದಿಂದ ತೆಗೆದಾಗಲೇ ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಹೊಂದಿಸಲ್ಪಟ್ಟಿತ್ತು. ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಆ ಸೂಚ್ಯಂಕ 150 ದಾಟಿ ಕೆಂಪಾಗುತ್ತದೆ, ಅದೇ ಗಾಳಿಗೆ ಭಾರತದ ಸೂಚ್ಯಂಕದಲ್ಲಿ ಸಿಗುವುದು 100, ಅಂದರೆ ‘ತೃಪ್ತಿಕರ’. ದಿನದ ಸರಾಸರಿಗೆ ನಮ್ಮ ದೇಶ 2009ರಲ್ಲಿ ಇಟ್ಟ ಮಿತಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಆದ್ದರಿಂದ ಮನವಿಯಲ್ಲಿ ಸೂಚ್ಯಂಕದ ಮಾತನ್ನು ಎತ್ತದೆ, ಮೈಕ್ರೋಗ್ರಾಂ ಲೆಕ್ಕವನ್ನು ಮಾತ್ರ ಬರೆದು, ಪಕ್ಕದಲ್ಲಿ ಎರಡೂ ಮಿತಿಗಳನ್ನು ನಮೂದಿಸುವುದು ಒಳ್ಳೆಯದು. ಬಣ್ಣ ನೋಡಿ ಗಾಬರಿಯಾಗುವ ಮೊದಲು ಸೆಟ್ಟಿಂಗ್ ಬದಲಾಯಿಸಬೇಕೆಂದು ಕೈಪಿಡಿಯಲ್ಲಿ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಹಾಗಿದ್ದರೆ ಇದರಿಂದ ಆಗುವ ಕೆಲಸವೇನು? ಹೋಲಿಕೆ. ಒಂದೇ ಮೀಟರನ್ನು ಒಂದೇ ಬೆಳಗ್ಗೆ, ತೇವಾಂಶ ಹೆಚ್ಚು ಬದಲಾಗದ ಅರ್ಧ ಗಂಟೆಯೊಳಗೆ, ಬೆಂಕಿ ಇರುವ ಕಡೆಯೂ ಇಲ್ಲದ ಕಡೆಯೂ ಹಿಡಿದರೆ, ಅದರ ಅಂದಾಜಿನ ತಪ್ಪು ಎರಡೂ ಕಡೆ ಸುಮಾರಾಗಿ ಸಮವಾಗಿರುವುದರಿಂದ ವ್ಯತ್ಯಾಸವನ್ನು ನಂಬಬಹುದು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನಮ್ಮ ಕರಾವಳಿಯಲ್ಲಿ ಗಾಳಿ ಹೆಚ್ಚು ಅಲುಗಾಡುವುದಿಲ್ಲ, ಹೊಗೆ ನೆಲದ ಹತ್ತಿರವೇ ನಿಲ್ಲುತ್ತದೆ. ಹೊತ್ತೇರಿ ಕಡಲಿನ ಗಾಳಿ ಬೀಸತೊಡಗಿದ ಮೇಲೆ ಅದೇ ಜಾಗದಲ್ಲಿ ಅಂಕಿ ಇಳಿಯುತ್ತದೆ. ಖಾಲಿ ಜಾಗದ ಗೋಡೆಯ ಬಳಿ ಬೆಳಗ್ಗೆ ಮೂರಂಕಿಯಲ್ಲಿದ್ದದ್ದು, ಅದೇ ಹೊತ್ತಿನಲ್ಲಿ ಎರಡು ಬೀದಿ ಆಚೆ ಶಾಲೆಯ ಮುಂದೆ ಎರಡಂಕಿಯಲ್ಲಿತ್ತು. ನಾವು ಅಂಕಿಗಳ ಜೊತೆ ಗಂಟೆ, ಗಾಳಿ ಬೀಸುವ ದಿಕ್ಕು, ಮೊಬೈಲಿನಲ್ಲಿ ತೆಗೆದ ಚಿತ್ರ ಇಷ್ಟನ್ನೂ ಸೇರಿಸಿ ಮನವಿಗೆ ಲಗತ್ತಿಸಿದೆವು. ಬೆಂಕಿ ಹಾಕುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದ ಕಸವಾದರೆ 25,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಕೊಟ್ಟ ಆದೇಶವನ್ನೂ ಅದರಲ್ಲಿ ಉಲ್ಲೇಖಿಸಿದೆವು. ಓದಿದ ಅಧಿಕಾರಿಗಳು ಅಂಕಿಗಿಂತ ಹೆಚ್ಚು ಹೊತ್ತು ಆ ಆದೇಶದ ಸಾಲನ್ನೇ ನೋಡಿದರು ಎಂಬುದನ್ನೂ ಇಲ್ಲಿ ಹೇಳಬೇಕು.

ಮೀಟರಿನ ಇನ್ನೊಂದು ಉಪಯೋಗವನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ಅದನ್ನು ಹಿಡಿದು ನಿಂತರೆ ಜನ ತಾವಾಗಿಯೇ ಮಾತಿಗೆ ಬರುತ್ತಾರೆ. ಕಂಕನಾಡಿಯ ರಿಕ್ಷಾ ಪಾರ್ಕಿನಲ್ಲಿ ಚಾಲಕರೊಬ್ಬರು, “ಇದೆಂತ ಮಾರಾಯ್ರೇ, ಬಿಪಿ ನೋಡುವುದಾ?” ಎಂದು ಕೇಳಿ, ವಿಷಯ ತಿಳಿದ ಮೇಲೆ ಮುಂದಿನ ಬಸ್ಸಿನ ಹೊಗೆಗೆ ಅದನ್ನು ಹಿಡಿಯಲು ಹೇಳಿದರು. ಅಲ್ಲಿ ಅಂಕಿ ನಿರೀಕ್ಷಿಸಿದಷ್ಟು ಏರಲಿಲ್ಲ. ಡೀಸೆಲ್ಲಿನ ಹೊಸ ಮಸಿ ಬಹಳ ಸಣ್ಣದು, 0.3 ಮೈಕ್ರಾನಿಗಿಂತ ಕಿರಿದಾದ ಕಣ ಈ ಲೇಸರಿನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಮುರಕಲ್ಲಿನ ಲಾರಿ ಎಬ್ಬಿಸುವ ಕೆಂಪು ಧೂಳಿನ ಕಥೆ ಇದಕ್ಕೆ ತಿರುಗುಮುರುಗು: ಆ ಕಣ ದಪ್ಪ, ಅಂಗಿಯ ಮೇಲೆ ಕೂತದ್ದು ಬರಿಗಣ್ಣಿಗೇ ಕಾಣುತ್ತದೆ, ಆದರೆ ಪಿಎಂ 10 (10 ಮೈಕ್ರಾನಿನವರೆಗಿನ ಕಣ) ಎಂದು ಪರದೆಯಲ್ಲಿ ಬರುವ ಅಂಕಿ ಬಹುಮಟ್ಟಿಗೆ ಸಣ್ಣ ಕಣಗಳಿಂದ ಲೆಕ್ಕ ಹಾಕಿದ್ದಾದ್ದರಿಂದ ಅದನ್ನು ನೆಚ್ಚಲಾಗದು. ಅನಿಲಗಳ ವಿಷಯದಲ್ಲಂತೂ ಇದು ಪೂರ್ಣ ಮೌನಿ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ವಾಸನೆಯ ದೂರಿಗೆ ಇದರಿಂದ ಏನೂ ಸಹಾಯವಿಲ್ಲ. 2019ರ ಆಗಸ್ಟಿನ ಮಳೆಗೆ ಮಂದಾರ ಎಂಬ ಊರಿನ ತೋಟ, ಮನೆಗಳ ಕಡೆಗೆ ಜರಿದ ಪಚ್ಚನಾಡಿಯಂಥ ಕಸದ ರಾಶಿಗಳಲ್ಲಿ ಹಸಿಕಸ ಕೊಳೆತು ಹೊರಬರುವ ಮೀಥೇನ್ ಕೂಡ ಇದಕ್ಕೆ ಕಾಣದು. ಹವಾಮಾನ ಬದಲಾವಣೆಯ ದೃಷ್ಟಿಯಿಂದ ಮುಖ್ಯವಾದ ಅನಿಲ ಇದು ಎಂಬುದನ್ನು ನೆನಪಿಡಬೇಕು. ಹೊಗೆಯಲ್ಲಿರುವ ಕಪ್ಪು ಇಂಗಾಲ ಗಾಳಿಯಲ್ಲಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಮಾತ್ರ ಇದ್ದರೂ ಬಿಸಿಲನ್ನು ಹೀರಿ ವಾತಾವರಣವನ್ನು ಕಾಯಿಸುತ್ತದೆ. ಹಾಗಾಗಿ ಬೀದಿಯ ಬೆಂಕಿಯನ್ನು ನಿಲ್ಲಿಸಿದರೆ ಶ್ವಾಸಕೋಶಕ್ಕೂ ಹವಾಮಾನಕ್ಕೂ ಒಟ್ಟಿಗೆ ಲಾಭ, ಈ ಮೀಟರು ಚೆನ್ನಾಗಿ ಹೊಂದುವುದೂ ಅದೇ ಕೆಲಸಕ್ಕೆ.

ಕದ್ರಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವಿದೆ, ಅದರ ಅಂಕಿ ಕೇಂದ್ರ ಮಂಡಳಿಯ ಸಮೀರ್ ಆ್ಯಪಿನಲ್ಲಿ ಪುಕ್ಕಟೆ ಸಿಗುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಆ ಅಂಕಿ ಖಂಡಿತವಾಗಿ ಹೆಚ್ಚು ನಂಬಿಕೆಗೆ ಅರ್ಹ, ಮೀಟರನ್ನು ಕೊಂಡ ವಾರವೇ ಅಲ್ಲಿಗೆ ಹತ್ತಿರ ಒಯ್ದು ಹೋಲಿಸಿ ನೋಡುವುದು ಜಾಣತನ. ಆದರೆ 60 ವಾರ್ಡುಗಳ ಊರಿನಲ್ಲಿ ನಮ್ಮ ಓಣಿಯ ಹಿಂದಿನ ಹೊಗೆಯನ್ನು ಅದು ಹೇಳಲಾರದು. ಗಾಳಿ ಕೆಟ್ಟಿರುವ ನಗರಗಳಿಗಾಗಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಕಡಲಿನ ಗಾಳಿಯ ಕೃಪೆಯಿಂದ ಮಂಗಳೂರು ಆ ಪಟ್ಟಿಗೆ ಬಂದಿಲ್ಲ, ಅದು ಸಂತೋಷವೇ. ಆದರೂ ಸರಾಸರಿ ಚೆನ್ನಾಗಿರುವ ಊರಿನಲ್ಲಿ ಮೂಲೆಯೊಂದರ ಹೊಗೆಯ ಬಗ್ಗೆ ಮಾತಾಡುವವರು ತಮ್ಮ ಆಧಾರವನ್ನು ತಾವೇ ಒದಗಿಸಿಕೊಳ್ಳಬೇಕಾಗುತ್ತದೆ.

ತಯಾರಿಕೆಯ ಮಟ್ಟ ಸಾಧಾರಣ. ಬಿಸಿಲಿನಲ್ಲಿ ಪರದೆ ಓದಲು ಕೈ ಅಡ್ಡ ಹಿಡಿಯಬೇಕು, ಬ್ಯಾಟರಿ ಒಂದು ಸುತ್ತಾಟಕ್ಕೆ ಸಾಕು. ಊದುಬತ್ತಿ, ಒಗ್ಗರಣೆಯ ಹೊಗೆಗೆ ಕೂಡಲೇ ಕೂಗಿಕೊಳ್ಳುವುದರಿಂದ ಅಲಾರಂ ಬಂದ್ ಮಾಡುವುದು ಅನಿವಾರ್ಯ. ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯ ನನ್ನದರಲ್ಲಿಲ್ಲ, ಮನವಿಗಾಗಿ ಕೊಳ್ಳುವವರು ತುಸು ಹೆಚ್ಚು ಹಣ ಕೊಟ್ಟಾದರೂ ಆ ಸೌಲಭ್ಯ ಇರುವುದನ್ನೇ ಆರಿಸಬೇಕು. ದುರಸ್ತಿಯ ವಿಚಾರದಲ್ಲಿ ಬೇಸರವಿದೆ: ಫ್ಯಾನ್ ಸದ್ದು ಮಾಡತೊಡಗಿದಾಗ ಬಿಡಿಭಾಗ ಕೇಳಿದ್ದಕ್ಕೆ, ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು. ಈ ಬಗೆಯ ಕೆಲವು ಅಗ್ಗದ ಸಂವೇದಕಗಳ ಲೇಸರಿನ ಆಯುಷ್ಯ ಸುಮಾರು 8,000 ಗಂಟೆ ಮಾತ್ರ, ಹಗಲುರಾತ್ರಿ ಚಾಲೂ ಇಟ್ಟರೆ ವರ್ಷವೂ ತುಂಬುವುದಿಲ್ಲ. ಅಳೆಯುವಾಗ ಮಾತ್ರ ಹಾಕಿ, ಮುಗಿದೊಡನೆ ಆರಿಸಬೇಕು. ವಾರಂಟಿ ಒಂದೇ ವರ್ಷದ್ದಾದ್ದರಿಂದ ಜೂನ್‌ನಲ್ಲಿ ಕೊಂಡವರ ನಾಲ್ಕು ತಿಂಗಳು ಮಳೆಗೇ ಹೋಗುತ್ತದೆ, ಕೊಳ್ಳುವುದಿದ್ದರೆ ದೀಪಾವಳಿಯ ರಿಯಾಯಿತಿ ಮಾರಾಟದವರೆಗೆ ಕಾಯುವುದು ಒಳ್ಳೆಯದು.