ಹಕ್ಕಿಗೆ ಇಷ್ಟು ಅಂತ ಲೆಕ್ಕ ಹೇಳುವ ಏರ್ ಗನ್ನಿನವರನ್ನು ಕರೆಸುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೋಸ ಹೋದೆ. ಮೂರು ಸಲ. ಒಬ್ಬನೇ ಮನುಷ್ಯನ ಕೈಯಲ್ಲಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೆ ಅವನು ಈಗ ಇನ್ಯಾರದೋ ಶೆಡ್ಡಿನ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿರುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಳು, ಮೇವು ಇಡುವ ಶೆಡ್ಡಿಗೆ ಪಾರಿವಾಳ ಸೇರಿಕೊಂಡರೆ ಏನಾಗುತ್ತದೆ ಅಂತ ಹೊಲ ಇರುವವರಿಗೆ ಹೇಳಬೇಕಿಲ್ಲ. ತಿನ್ನುವುದು ಸ್ವಲ್ಪ, ಹಾಳು ಮಾಡುವುದು ಜಾಸ್ತಿ. ತೊಲೆ ತುಂಬಾ ಹಿಕ್ಕೆ, ಕಾಳಿನ ರಾಶಿ ಮೇಲೆ ಹಿಕ್ಕೆ, ದನ ಕುಡಿಯುವ ನೀರಿನಲ್ಲಿ ಹಿಕ್ಕೆ. ಡಬ್ಬ ಬಡಿದೆ, ಹೊಳೆಯುವ ಪಟ್ಟಿ ಕಟ್ಟಿದೆ. ಎರಡು ದಿನ ಹೆದರಿದವು, ಮೂರನೇ ದಿನ ಅದೇ ಪಟ್ಟಿಯ ಪಕ್ಕ ಕೂತವು.

ಆಗ ಸಿಕ್ಕಿದ್ದು ಇವನು. ಏರ್ ರೈಫಲ್, ಸ್ಕೋಪ್, ಟಾರ್ಚ್ ಎಲ್ಲಾ ಇತ್ತು. "ಸೆಕೆಂಡಿಗೆ 1,200 ಅಡಿ ವೇಗ ಸರ್" ಅಂದ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ತಿಳಿದದ್ದು ಏನೆಂದರೆ, ಗನ್ನಿನ ಡಬ್ಬಿ ಮೇಲಿನ ಆ ಸಂಖ್ಯೆ ತುಂಬಾ ಹಗುರವಾದ ಪೆಲೆಟ್ (ಏರ್ ಗನ್ನಿನ ಚಿಕ್ಕ ಗುಂಡು) ಹಾಕಿ ಅಳೆದದ್ದಾಗಿರುತ್ತದೆ. ಸೆಕೆಂಡಿಗೆ ಸುಮಾರು 1,100 ಅಡಿ ಅಂದರೆ ಶಬ್ದದ ವೇಗ. ಅದನ್ನು ದಾಟಿ ಹೋದ ಪೆಲೆಟ್ ಮತ್ತೆ ನಿಧಾನ ಆಗುವಾಗ ಅಲ್ಲಾಡಿ ಗುರಿ ತಪ್ಪುತ್ತದೆ. ತೆಳು ಶೀಟಿನ ಕೆಳಗೆ ನಿಂತು ಹೊಡೆಯುವವನಿಗೆ ಬೇಕಾದದ್ದು ಕಡಿಮೆ ಶಕ್ತಿ, ಸರಿಯಾದ ಗುರಿ. ವೇಗವನ್ನೇ ದೊಡ್ಡಸ್ತಿಕೆಯಾಗಿ ಹೇಳಿಕೊಳ್ಳುವವನು ಕೆಲಸ ಗೊತ್ತಿಲ್ಲದವನು ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಲೆಕ್ಕ ಹೇಗೆ ಅಂದರೆ, ಸತ್ತ ಹಕ್ಕಿಗೆ ಇಷ್ಟು. ಬಕೆಟ್ ತೋರಿಸುತ್ತಾನೆ, ಎಣಿಸುತ್ತಾನೆ, ನಾನು ಕೊಡುತ್ತೇನೆ. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂದುಕೊಂಡಿದ್ದೆ!

"ನಾನು ಹೊಡೆಯುವಾಗ ಒಳಗೆ ಯಾರೂ ಬರಬಾರದು ಸರ್, ಪೆಲೆಟ್ ಕಬ್ಬಿಣಕ್ಕೆ ಬಡಿದು ವಾಪಸ್ ಬರುತ್ತೆ" ಅಂದ. ಈ ಮಾತು ನಿಜ. ಪೆಲೆಟ್ ಹಾಗೆ ಸಿಡಿದು ಕಣ್ಣು ಹೋಗಬಹುದು. ನಿಜವಾದ ಮಾತು ಆದ್ದರಿಂದಲೇ ನಾನು ಹೊರಗೆ ಕೂತೆ. ಬಾಗಿಲು ಹಾಕಿಕೊಂಡ. ಒಳಗೆ ಟಪ್ ಟಪ್ ಶಬ್ದ. ಮೊದಲ ದಿನ 31 ಹಕ್ಕಿ. ಎರಡನೇ ಸಲ 28. ಪೂರ್ತಿ ದುಡ್ಡು ಕೊಟ್ಟೆ, ಮೇಲೆ ಥ್ಯಾಂಕ್ಸ್ ಬೇರೆ ಹೇಳಿದೆ. ಬಕೆಟ್ಟಿನ ಫೋಟೋ ತೆಗೆದು ಮನೆಯವರಿಗೆಲ್ಲ ತೋರಿಸಿದೆ. ತೊಲೆ ಮೇಲೆ ನೋಡಿದರೆ ಹಕ್ಕಿ ಅಷ್ಟೇ ಇದ್ದ ಹಾಗಿತ್ತು. ಕೇಳಿದೆ. "ಹೊಸವು ಬರ್ತಾ ಇವೆ ಸರ್, ಇನ್ನೊಂದು ಸಲ ಹೊಡೆದರೆ ಮುಗೀತು" ಅಂದ.

ಮೂರನೇ ಸಲ 26 ಅಂದ. ಅವನು ಗನ್ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದ. ನಾನು ಸುಮ್ನೆ ಬಕೆಟ್ ಖಾಲಿ ಮಾಡಲು ಹೋದೆ. ಮೇಲಿನ ನಾಲ್ಕೈದು ಹಕ್ಕಿ ಬೆಚ್ಚಗಿದ್ದವು, ಮೆತ್ತಗಿದ್ದವು. ಅದರ ಕೆಳಗೆ ಕೈ ಹಾಕಿದೆ ನೋಡಿ, ಐಸು. ತಣ್ಣಗೆ ಅಂತಲ್ಲ, ಐಸು. ರೆಕ್ಕೆ ಎತ್ತಿದರೆ ಏಳುತ್ತಿಲ್ಲ, ಹೊಟ್ಟೆ ಕಲ್ಲಿನ ಹಾಗೆ. ಪುಕ್ಕದ ಸಂದಿಯಲ್ಲಿ ಬಿಳಿ ಪುಡಿ. ಒಂದು ನಿಮಿಷ ಅದೇನಂತ ಅರ್ಥವೇ ಆಗಲಿಲ್ಲ. ಹಕ್ಕಿಗೆ ಏನೋ ರೋಗ ಇರಬೇಕು ಅಂದುಕೊಂಡೆ, ಅಷ್ಟು ದಡ್ಡ ನಾನು. ಆಮೇಲೆ ಬೆರಳಲ್ಲಿ ಆ ಪುಡಿ ಕರಗಿತು.

ಫ್ರೀಜರಿನಿಂದ ತಂದ ಹಕ್ಕಿ. ಚೀಲದಲ್ಲಿ ಒಳಗೆ ತಂದು, ಬಾಗಿಲು ಹಾಕಿಕೊಂಡು ಬಕೆಟ್ಟಿಗೆ ಸುರಿದಿದ್ದಾನೆ. ನಾನು ಹೊರಗೆ ಕೂತು ಟಪ್ ಟಪ್ ಎಣಿಸುತ್ತಿದ್ದೆ.

ಕೇಳಿದೆ, ಇದೇನ್ರೀ ಅಂತ. "ಸತ್ತ ಮೇಲೆ ತಣ್ಣಗಾಗುತ್ತೆ ಅಲ್ವಾ ಸರ್?" ಅಂದ. ಅರ್ಧ ಗಂಟೆಯಲ್ಲಾ? ಐಸಾಗುವಷ್ಟಾ? ಅದಕ್ಕೆ ಉತ್ತರ ಇಲ್ಲ, ಗನ್ ಒರೆಸುತ್ತಾ ನಿಂತ.

ಅಷ್ಟರಲ್ಲಿ ಒಂದು ಹಕ್ಕಿ ಕಾಲಿನಲ್ಲಿ ಉಂಗುರ ಕಂಡಿತು. ಸಾಕಿದ ಪಾರಿವಾಳದ ಮರಿಗೆ ಒಂದು ವಾರ ಆಗುವಷ್ಟರಲ್ಲಿ ಹಾಕುವ ಉಂಗುರ ಅದು. ಕಾಲು ಬೆಳೆದ ಮೇಲೆ ಹಾಕಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಅದರ ಮೇಲೆ ವರ್ಷ, ನಂಬರ್ ಇರುತ್ತದೆ. ನಾನು ಫೋನ್ ತೆಗೆದು ಮೊದಲ ದಿನದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ಉಂಗುರ. ಅದೇ ನಂಬರ್. ಅದೇ ಹಕ್ಕಿಗೆ ನಾನು ಎರಡು ಸಲ ದುಡ್ಡು ಕೊಡುವವನಿದ್ದೆ.

ಫೋಟೋ ತೋರಿಸಿದೆ. "ನಂಬರ್ ಹಾಕುವವರು ಒಂದೇ ನಂಬರ್ ಎರಡು ಸಲ ಹಾಕಿರಬಹುದು ಸರ್." ಇದು ಅವನ ಬಾಯಿಂದ ಬಂದ ಮಾತು, ನಾನು ಸೇರಿಸಿದ್ದಲ್ಲ. ನಾನು ಬಿಡಲಿಲ್ಲ. ಆಗ ಹೇಳಿದ, "ಅದು ಬೇರೆ ಕಡೆ ಹೊಡೆದದ್ದು, ತಪ್ಪಿ ನಿಮ್ಮ ಬಕೆಟ್ಟಿಗೆ ಬಂದಿದೆ." ತಪ್ಪಿ ಬಂದದ್ದು ಒಂದಾ, 20ಆ? "ಇಷ್ಟೆಲ್ಲಾ ಡೌಟ್ ಇದ್ದರೆ ನೀವೇ ಹೊಡ್ಕೊಬೇಕಿತ್ತು ಸರ್" ಅಂತ ಹೊರಟೇ ಹೋದ. ಹಳೇ ದುಡ್ಡು ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದೆ. ಓದಿದ್ದಾನೆ. ಉತ್ತರ ಇಲ್ಲ. ಮತ್ತೆ ಹಾಕಿದೆ. ಓದಿದ್ದಾನೆ.

ಉಂಗುರದ ಹಕ್ಕಿಯ ಮಾಲೀಕರನ್ನು ಹುಡುಕಿ ಫೋನ್ ಮಾಡಿದ್ದು ಇನ್ನೊಂದು ಕಥೆ. ಅವರು ಬೈಯಲಿಲ್ಲ. "ಓ, ಸತ್ತುಹೋಯ್ತಾ" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಶೆಡ್ಡು. ಬೆಳಕು ಬರಲಿ ಅಂತ ಹಾಕಿಸಿದ್ದ ಪ್ಲಾಸ್ಟಿಕ್ ಶೀಟಿನಲ್ಲಿ 14 ತೂತು. ಮಳೆ ಬಂದಾಗ ಗೊತ್ತಾಯಿತು, ಕಾಳಿನ ಮೇಲೇ ಸೋರಿತು. ತಂದೆ ತಾಯಿ ಸತ್ತ ಗೂಡಿನಲ್ಲಿ ಮರಿಗಳು ಹಸಿದು ಸತ್ತವು, ವಾಸನೆ ಹಿಡಿದು ಏಣಿ ಹತ್ತಿ ತೆಗೆದೆ. ಪಾರಿವಾಳ? ಇವೆ. ಇರದೆ ಏನು. ಒಂದು ಸಲಕ್ಕೆ ಎರಡು ಮೊಟ್ಟೆ, ಸುಮಾರು 18 ದಿನಕ್ಕೆ ಮರಿ, ವರ್ಷಕ್ಕೆ ಹಲವು ಸಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳ ಕೊಂದರೂ ಸಂಖ್ಯೆ ಇಳಿಯಲಿಲ್ಲವಂತೆ. ಜನ ಕಾಳು ಹಾಕುವುದನ್ನು ಕಡಿಮೆ ಮಾಡಿಸಿದ ಮೇಲೆ ಇಳಿಯಿತು. ಅಂದರೆ ಆ ಮನುಷ್ಯ ಪ್ರಾಮಾಣಿಕನಾಗಿದ್ದರೂ ನನ್ನ ದುಡ್ಡು ಹಾಳೇ. ಇದು ಯೋಚಿಸಿದಾಗ ಇನ್ನೂ ಉರಿಯುತ್ತದೆ.

ಹಕ್ಕಿ ಎಣಿಸಿ ದುಡ್ಡು ಕೊಡಬೇಡಿ. ಕೊಡಲೇಬೇಕಾದರೆ ಪ್ರತಿ ಹಕ್ಕಿಯನ್ನೂ ಮುಟ್ಟಿ ನೋಡಿ, ಎಣಿಸಿದ ತಕ್ಷಣ ನೀವೇ ಹೂಳಿ, ಅವನ ಕೈಗೆ ವಾಪಸ್ ಕೊಡಬೇಡಿ. ಯಾವ ಹಕ್ಕಿ ಹೊಡೆಯಲು ಅನುಮತಿ ಇದೆ ಅಂತ ಕಾಗದ ಕೇಳಿ, "ಎಲ್ಲಾ ಓಕೆ ಸರ್" ಅನ್ನುವುದು ಕಾಗದ ಅಲ್ಲ. ನಾನೀಗ ಬಲೆ ಕಟ್ಟಿಸಿದ್ದೇನೆ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು, ಗುಬ್ಬಿಯೂ ಬರಬಾರದು ಅಂದರೆ 19 ಬೇಕು. ಇದನ್ನು ಮೊದಲೇ ಮಾಡಬಹುದಿತ್ತು, ಗೊತ್ತು, ಹೇಳಬೇಡಿ.

ಮೇವಿನಲ್ಲಿ ಬಿದ್ದ ಪೆಲೆಟ್ ಮಾತ್ರ ಇನ್ನೂ ಮುಗಿದಿಲ್ಲ. ಅದು ಸೀಸ, ದನದ ಹೊಟ್ಟೆಗೆ ಹೋದರೆ ವಿಷ. ಆರಿಸಲು ದೊಡ್ಡ ಮ್ಯಾಗ್ನೆಟ್ ತಂದೆ. ಸೀಸ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ ಅಂತ ತಂದ ಮೇಲೆ ನೆನಪಾಯಿತು. ಈಗ ಜರಡಿ ಹಿಡಿದಿದ್ದೇನೆ. ನಿನ್ನೆಯೂ ಎರಡು ಸಿಕ್ಕವು.